ಹರಿಗೋಲಿನ ಎದುರು ಬದಿ

"ಬುದ್ಧಿ, ಹೆಂಡತಿಯ ನೋವಿನಲ್ಲಿ ಅರ್ಧವನ್ನು ಗಂಡ ಹೊರುವುದು ಹೇಗೆ?" ಎಂದು ಗುರುಮಲ್ಲ ಮಠದ ಗುರುಗಳನ್ನು ಕೇಳಿದ.

ಅವನ ಹೆಂಡತಿಗೆ ಬಂದಿರುವುದು ಕ್ಯಾನ್ಸರ್ ಎಂದು ಡಾಕ್ಟರು ಹೇಳಿ ಹೆಚ್ಚು ದಿನ ಆಗಿರಲಿಲ್ಲ. ಅವಳನ್ನು ಅತ್ತಿಗೆಯ ಕೈಗೆ ಒಪ್ಪಿಸಿ, ಅವನು ಮಠಕ್ಕೆ ಬಂದು ಉಪವಾಸ ಹಿಡಿದಿದ್ದ. ಮುಂದೆ ಬಡಿಸಿದ ಎಲೆ ಹಾಗೇ ಇತ್ತು.

ಗುರುಗಳು ಎಲೆಯನ್ನು ನೋಡಿದರು, ಅವನನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಬಿದಿರಿನಲ್ಲಿ ಬುಟ್ಟಿಯ ಹಾಗೆ ಹೆಣೆದು ತೊಗಲು ಹೊದಿಸಿದ ಹರಿಗೋಲು ಅವನದು. ಹರಿಗೋಲು ದೋಣಿಯ ಹಾಗಲ್ಲ. ಅದಕ್ಕೆ ಹಿಂದು ಮುಂದು ಇಲ್ಲ. ತೂಕವೆಲ್ಲ ಒಂದು ಬದಿಗೆ ಬಿದ್ದರೆ ಆ ಬದಿಯಿಂದಲೇ ನೀರು ಕುಡಿಯುತ್ತದೆ. ಆದ್ದರಿಂದ ಜನರನ್ನು ಎದುರುಬದುರು ಕೂರಿಸದೆ ಅವನು ಹುಟ್ಟು ಮುಟ್ಟುತ್ತಿರಲಿಲ್ಲ. ಸಾಹುಕಾರನಾಗಲಿ, ಶ್ಯಾನುಭೋಗನಾಗಲಿ, ಅವನು ತೋರಿಸಿದ ಕಡೆಯೇ ಕೂರಬೇಕು. ಹೊಸ ಜೋಡಿ ಅಂಟಿಕೊಂಡು ಕೂತರೆ, "ಪ್ರೀತಿಯೆಲ್ಲ ದಡದ ಮೇಲಿರಲಿ ಕಣಪ್ಪ ಮದುವಣಿಗ, ನೀನು ಈ ಕಡೆ ಬಾ" ಎಂದು ಗದರಿಸಿ ಎಬ್ಬಿಸುತ್ತಿದ್ದ.

ಅವನ ಹೆಂಡತಿ ಅವನ ಅಕ್ಕನ ಮಗಳೇ. ಮದುವೆಯಾದ ಮೇಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಮೀನಿಗೆ ಹೋದಾಗ ಇಬ್ಬರೇ. ಅವನು ಬಲೆ ಬಿಡುವಾಗ ಅವಳು ಎದುರು ಬದಿಯಲ್ಲಿ ಕೂತು ಹುಟ್ಟು ಹಾಕುತ್ತಿದ್ದಳು. ಬಲೆಯ ಭಾರಕ್ಕೆ ಅವನು ಬಾಗಿದಷ್ಟೂ ಅವಳು ಹಿಂದಕ್ಕೆ ವಾಲುತ್ತಿದ್ದಳು. ಹಾಗೆ ಅವರ ಸಂಸಾರ ನಡೆದಿತ್ತು.

ಒಂದು ಮಳೆಗಾಲದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಬಿಡಲಿಲ್ಲ. ಆಚೆ ದಡದ ವೈದ್ಯರು ನಾಡಿ ಹಿಡಿದು ನೋಡಿ, "ಎದೆಯೊಳಗೆ ಬೇರು ಬಿಟ್ಟ ಕಾಯಿಲೆ. ಔಷಧಿ ಕೊಡುತ್ತೇನೆ, ಮಾತು ಕೊಡಲಾರೆ" ಎಂದರು.

ಅಂದಿನಿಂದ ಅಂಬಿಗ ಬೇರೆಯೇ ಮನುಷ್ಯನಾದ. ಅವಳಿಗೆ ತುತ್ತು ಇಳಿಯಲಿಲ್ಲ. ಅವನೂ ತಟ್ಟೆ ಸರಿಸಿದ. ಅವಳಿಗೆ ನಿದ್ದೆ ಹತ್ತಲಿಲ್ಲ. ಅವನೂ ಅವಳ ಪಕ್ಕದಲ್ಲಿ ಗೋಡೆಗೆ ಒರಗಿ ಕಣ್ಣು ಬಿಟ್ಟೇ ಕೂತ. ಬಲೆ ಒಣಗಿ ಸೂರಿನಲ್ಲಿ ನೇತಾಡಿತು. ಕೇಳಿದವರಿಗೆ, "ಅವಳಿಗಿಲ್ಲದ್ದು ನನಗೂ ಬೇಡ" ಎನ್ನುತ್ತಿದ್ದ. ಇಂಥ ಗಂಡ ಇರಬೇಕು ಎಂದು ಊರೆಲ್ಲ ಹೊಗಳಿತು. ಹೆಂಡತಿ ಮಾತ್ರ ಹೊಗಳಲಿಲ್ಲ. ಅದು ಅವನಿಗೆ ಒಳಗೊಳಗೇ ನೋಯುತ್ತಿತ್ತು.

ಔಷಧಿ ಮುಗಿದಾಗ ಅವಳನ್ನು ಕೂರಿಸಿಕೊಂಡು ಹೊಳೆ ದಾಟಲು ಹೊರಟ. ನಡುಹೊಳೆಯಲ್ಲಿ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಅವಳು ಅಂಚು ಹಿಡಿದು ಬಾಗಿದಳು. ಅಂಬಿಗ ಹುಟ್ಟು ಕೆಳಗಿಟ್ಟು ಎದ್ದುಹೋಗಿ ಅವಳ ಪಕ್ಕ ಕೂತು ತಬ್ಬಿಕೊಂಡ. ಹರಿಗೋಲು ವಾಲಿತು. ಅಂಚಿನ ಮೇಲಿಂದ ನೀರು ನುಗ್ಗಿತು. ನಡೆಯಲು ಕಲಿತಾಗಿನಿಂದ ಹೊಳೆಯ ಮೇಲೇ ಇದ್ದವನಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಅವಳನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡ.

ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಅವನನ್ನು ತಳ್ಳಿದಳು. "ಆಚೆ ಹೋಗು ಮಾವ! ನಿನ್ನ ಜಾಗಕ್ಕೆ ಹೋಗು!"

ಅವನು ತೆವಳಿಕೊಂಡು ಎದುರು ಬದಿಗೆ ಹೋಗಿ ಬಿದ್ದ. ಹರಿಗೋಲು ಒಮ್ಮೆ ಹೊಯ್ದಾಡಿ ಸಮವಾಯಿತು. ಬೊಗಸೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದ. ಕೆಮ್ಮು ನಿಂತ ಮೇಲೆ ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕಳು.

"ಊರಿನ ಮದುವಣಿಗರನ್ನೆಲ್ಲ ಬೈದು ಎಬ್ಬಿಸಿದವನು ನೀನೇ ತಾನೆ?"

"ನೀನೊಬ್ಬಳೇ ಬಾಗಿದ್ದೆ. ನನಗೆ ನೋಡಲಾಗಲಿಲ್ಲ."

"ನಾನು ಬಾಗಿದ್ದು ಕಾಯಿಲೆಗೆ. ನೀನು ಯಾಕೆ ಬಾಗಬೇಕು? ಮನೆಯಲ್ಲೂ ಇದೇ ಮಾಡುತ್ತಿದ್ದೀಯ. ನಾನು ಉಣ್ಣಲಿಲ್ಲ ಅಂತ ನೀನೂ ಉಣ್ಣುವುದಿಲ್ಲ. ನಿಮ್ಮಿಬ್ಬರಲ್ಲಿ ರೋಗಿ ಯಾರು ಅಂತ ಇವತ್ತು ವೈದ್ಯರು ಕೇಳಿದರೆ ಏನು ಹೇಳಲಿ? ನೀನು ಉಂಡರೆ ನನಗೂ ಒಂದು ತುತ್ತು ಬೇಕೆನಿಸೀತು. ನೀನು ಬಲೆ ಹೊತ್ತು ಹೋದರೆ, ಸಂಜೆ ಬರುತ್ತೀಯ ಅಂತ ಬಾಗಿಲು ನೋಡುವ ಕೆಲಸವಾದರೂ ನನಗಿರುತ್ತದೆ."

ಅಂಬಿಗ ತಲೆಯೆತ್ತಿ ಅವಳನ್ನು ನೋಡಿದ. ಕಾಯಿಲೆ ಎಂದು ತಿಳಿದಾಗಿನಿಂದ ಅವಳ ಪಕ್ಕ ಬಿಡದೆ ಕೂತಿದ್ದವನು ಅವಳ ಮುಖವನ್ನು ನೇರವಾಗಿ ನೋಡಿರಲೇ ಇಲ್ಲ. ಇಷ್ಟು ವರ್ಷ ಹೊಳೆಯ ಮೇಲೆ ಈ ಮುಖ ತನ್ನ ಎದುರಿಗಿತ್ತು. ಬಲೆ ಖಾಲಿ ಬಂದ ದಿನವೂ ಇತ್ತು. ಅದಕ್ಕಾಗಿ ಅವನು ಯಾರಿಗೂ ಕೈಮುಗಿದಿರಲಿಲ್ಲ. ಈಗ ಮೊದಲು ಹೊಳೆಗೆ, ಆಮೇಲೆ ಅವಳಿಗೆ ಕೈಮುಗಿದ.

"ಸಾಕು, ಹುಟ್ಟು ಹಾಕು. ವೈದ್ಯರು ಊಟಕ್ಕೆ ಎದ್ದುಬಿಟ್ಟಾರು" ಎಂದಳು ಅವಳು.

ಮನೆಗೆ ಬಂದು ಅಂಬಿಗ ಒಲೆ ಹೊತ್ತಿಸಿದ. ಅವಳಿಗೆ ಗಂಜಿ ಕಾಯಿಸಿಟ್ಟು, ತನಗೆ ಮುದ್ದೆ ಕಟ್ಟಿಕೊಂಡು, ಅವಳ ಎದುರಿಗೆ ಕೂತು ಉಂಡ. ಅವನು ಉಣ್ಣುವುದನ್ನು ನೋಡುತ್ತ ನೋಡುತ್ತ ಅವಳು ಗಂಜಿಯ ಬಟ್ಟಲನ್ನು ಕೈಗೆತ್ತಿಕೊಂಡಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಅವಳು ಉಳಿದಳೇ ಬುದ್ಧಿ?" ಎಂದು ಗುರುಮಲ್ಲ ಕೇಳಿದ.

"ನೀನು ಇಲ್ಲಿ ನನ್ನ ಎದುರು ಕೂತಿದ್ದೀಯ ಗುರುಮಲ್ಲ, ಅಲ್ಲಿ ಅವಳ ಎದುರು ಯಾರು ಕೂತಿದ್ದಾರೆ?"

ಗುರುಮಲ್ಲ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡ.