ಸಂಡಿಗೆ ಕಾದ ಸೊಸೆ

ಗುರುಬಸವ್ವನಿಗೆ ಸೊಸೆ ಎಂದರೆ ಜೀವ. ಸೊಸೆ ನೀಲಾಂಬಿಕೆ ಶಿಕ್ಷಕರ ಆಯ್ಕೆ ಪರೀಕ್ಷೆಗೆ ಓದುತ್ತಿದ್ದಳು. ಪಾಠಗಳೆಲ್ಲ ಮೊಬೈಲಿನಲ್ಲಿ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಆ ಅಂಗೈಯಗಲದ ಬೆಳಕಿನಲ್ಲೇ ಅವಳ ಕಣ್ಣು.

ಕೆಲವೇ ವಾರಗಳಲ್ಲಿ ತಲೆನೋವು ಶುರುವಾಯಿತು. ಕಣ್ಣಿನ ಡಾಕ್ಟರು ಪರೀಕ್ಷಿಸಿ, "ದೋಷ ಏನಿಲ್ಲ, ಕಣ್ಣು ದಣಿದಾವ. ಆಗಾಗ ವಿಶ್ರಾಂತಿ ಕೊಡ್ರಿ" ಎಂದರು.

ವಿಶ್ರಾಂತಿ ತಾನೆ, ಅದು ನನ್ನ ಕೈಯಲ್ಲೇ ಇದೆ ಎಂದುಕೊಂಡಳು ಗುರುಬಸವ್ವ. ಮರುದಿನದಿಂದ ಸೊಸೆಯನ್ನು ಒಂದು ಕಡ್ಡಿ ಎತ್ತಿಡಲೂ ಬಿಡಲಿಲ್ಲ. ಕಸ, ಮುಸುರೆ, ರೊಟ್ಟಿ ಎಲ್ಲ ತಾನೇ. ನೀರು ಸೊಸೆಯ ಮಗ್ಗುಲಿಗೆ, ಚಹಾ ಕೈಗೆ, ಊಟದ ತಾಟು ಮುಂದಕ್ಕೆ. ಬಾಗಿಲು ಬಡಿದರೂ, "ನೀ ಕೂಡವಾ, ನಾ ನೋಡ್ತೀನಿ" ಎಂದು ಓಡುವಳು.

ಹಾಗೆ ಉಳಿದ ಹೊತ್ತನ್ನೆಲ್ಲ ನೀಲಾಂಬಿಕೆ ಮೊಬೈಲಿಗೇ ಹಾಕಿದಳು. ತಲೆನೋವು ಇನ್ನೂ ಹೆಚ್ಚಿತು. ಒಂದು ಸಂಜೆ ಹಣೆಗೆ ಬಟ್ಟೆ ಬಿಗಿದುಕೊಂಡು ಕಣ್ಣೀರು ಹಾಕಿದಳು. "ಅತ್ತೀ, ಈ ಪರೀಕ್ಷಾ ನನ್ನ ಕೈಲೆ ಆಗೂದಿಲ್ರಿ. ಬಿಟ್ಟುಬಿಡ್ತೀನಿ."

ಈ ಹುಡುಗಿಗೆ ಇನ್ನೇನು ಮಾಡಲಿ ಎಂದು ಗುರುಬಸವ್ವನಿಗೆ ತೋಚಲಿಲ್ಲ.

ಅದು ಬೇಸಿಗೆ. ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಕೆಳಗಿಳಿಯುವಷ್ಟರಲ್ಲಿ, ತಂಗಿಗೆ ಹುಷಾರಿಲ್ಲವೆಂದು ಪಕ್ಕದ ಊರಿನಿಂದ ಫೋನು ಬಂತು. ಹೋಗಲೇಬೇಕು. "ಕಾಗಿ ಬಂದ್ರ ಒಂಚೂರು ನೋಡವಾ. ತಿಂದ್ರ ತಿನ್ಲಿ ಬಿಡು, ನೀ ಭಾಳ ಏಳಬ್ಯಾಡ" ಎಂದು ಹೇಳಿ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಸೊಸೆಯದೇ ಚಿಂತೆ. ಸಂಜೆ ಬಿರಬಿರನೆ ಬಂದು ನೋಡಿದರೆ, ನೀಲಾಂಬಿಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ.

"ಅಯ್ಯ ನನ್ನವ್ವ, ತಲಿನೋವು ಎಲ್ಲಿ ಹೋತು?"

ನೀಲಾಂಬಿಕೆಯ ಕೈ ನಿಂತಿತು. "ಹೌದಲ್ರೀ! ಇವತ್ತು ಬಂದೇ ಇಲ್ಲ ನೋಡ್ರಿ. ಆ ಕಾಗಿ ಕೂಡಾಕ ಎಲ್ಲಿ ಬಿಟ್ವು? ಒಂದು ಪಾಠ ಮುಗಿಯೂದ್ರಾಗ ಬರೂವು. ಮಾಳಿಗಿ ಹತ್ತೂದು, ಓಡಸೂದು, ಅವು ಗುಡ್ಡದ ಮಟ ಹಾರಿ ಹೋಗೂದು ನೋಡಿ ಇಳಿಯೂದು. ಇದ ಆತು."

"ಮತ್ತ ಓದು?"

"ಅದೂ ಮುಗದೈತ್ರಿ."

ಗುರುಬಸವ್ವ ಗೋಡೆಗೆ ಒರಗಿ ಕೂತಳು. ಇಷ್ಟು ದಿನ ತಾನು ವಿಶ್ರಾಂತಿ ಕೊಟ್ಟದ್ದು ಸೊಸೆಯ ಕೈಕಾಲಿಗೆ. ದಣಿದ ಕಣ್ಣನ್ನು ಮಾತ್ರ ತನ್ನ ಅಕ್ಕರೆಯೇ ಮೊಬೈಲಿಗೆ ಕಟ್ಟಿಹಾಕಿತ್ತು. "ನನಗಿಂತ ಆ ಕಾಗಿಗೆ ಬುದ್ಧಿ ಐತಿ ಬಿಡು" ಎಂದು ನಕ್ಕಳು.

ಪರೀಕ್ಷೆ ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಸಂಡಿಗೆ ಒಣಗಿ ಡಬ್ಬಿ ಸೇರಿದ ಮೇಲೂ ಗುರುಬಸವ್ವ ಪಾಠದ ನಡುವೆ ಕೂಗುತ್ತಿದ್ದಳು: "ನೀಲಾ, ಮಾಳಿಗಿ ಹತ್ತಿ ಕಾಗಿ ಓಡಿಸಿ ಬಾ."

"ಸಂಡಿಗಿ ಎಲ್ಲೈತ್ರಿ ಅತ್ತೀ?"

"ಸಂಡಿಗಿ ಇಲ್ಲದಿದ್ರ ಏನಾತು, ಕಾಗಿ ಅದಾವಲ್ಲ. ಏಳು!"

ನೀತಿ: ಓದುವವರನ್ನು ಕೂತಲ್ಲೇ ಕೂರಿಸುವುದಷ್ಟೇ ಪ್ರೀತಿಯಲ್ಲ, ನಡುನಡುವೆ ಎಬ್ಬಿಸುವುದೂ ಪ್ರೀತಿಯೇ. ಪರದೆ ಬಿಟ್ಟು ದೂರ ನೋಡಿದ ಹೊತ್ತು ಓದಿಗೆ ನಷ್ಟವಲ್ಲ.