ಟಿವಿಯ ಅಜ್ಜಿಗೆ ಹೋಳಿಗೆ

ಉಂಡವರು ಮುಂದೆ ಬನ್ನಿ, ಉಣ್ಣದವರು ಹಿಂದೆ ಕೂರಿ. ಈ ಕತೆಯಲ್ಲಿ ಹೋಳಿಗೆ ಬರುತ್ತದೆ, ಆಮೇಲೆ ಬಾಯಲ್ಲಿ ನೀರೂರಿತು ಅಂತ ನನ್ನನ್ನು ಬೈಯಬೇಡಿ.

ಚೌಡಮ್ಮ ಅಂತ ಒಬ್ಬಳಿದ್ದಳು. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರಿ ಬದುಕುವವಳು. ಒಬ್ಬನೇ ಮಗ, ಮುದ್ದುರಂಗ. ಮೀಸೆ ಬಂದಿತ್ತು, ಮೊಪೆಡ್ ಓಡಿಸಲು ಬರುತ್ತಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಅವ್ವನ ಮಾತು ಮೀರುವವನಲ್ಲ ಪಾಪ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಕಷ್ಟವೆಲ್ಲ ಅಲ್ಲೇ ಇದ್ದದ್ದು.

ಒಂದು ದಿನ ಚೌಡಮ್ಮ ಹಪ್ಪಳದ ಕಟ್ಟು ಕೊಟ್ಟು, "ನಂಜುಂಡಪ್ಪನೋರ ಮನೆಗೆ ಕೊಟ್ಟು ಬಾರೋ" ಅಂದಳು. ಹೋದ. ಮನೆಗೆ ಬೀಗ. ಮನೆಗೆ ತಾನೇ ಕೊಡಬೇಕಾದದ್ದು? ಹೊಸಿಲ ಮೇಲಿಟ್ಟು ಬಂದ. ಎದುರುಮನೆಯ ಮೇಕೆ ಹಪ್ಪಳ ತಿಂದು, ಕಟ್ಟಿದ ಪೇಪರನ್ನೂ ತಿಂದಿತು.

"ಅಯ್ಯೋ ನನ್ನ ಕರ್ಮವೇ!" ಚೌಡಮ್ಮ ಹಣೆ ಚಚ್ಚಿಕೊಂಡಳು. "ಯಾರ ಸಾಮಾನೋ ಅವರ ಕೈಗೇ ಕೊಡಬೇಕು ಕಣೋ! ಕೈಗೇ!"

"ಹೂಂ ಕಣವ್ವ, ಕೈಗೇ ಕೊಡ್ತೀನಿ."

ಮಾರನೆಯ ದಿನ ಚಟ್ನಿಪುಡಿ ಡಬ್ಬ ಹಿಡಿದು ಪುಟ್ಟಮಾದಣ್ಣನ ಹೋಟೆಲಿಗೆ ಹೋದ. ಪುಟ್ಟಮಾದಣ್ಣ ಮೊಣಕೈವರೆಗೂ ಬೋಂಡದ ಹಿಟ್ಟು ಮೆತ್ತಿಕೊಂಡು ನಿಂತಿದ್ದ. "ಅಲ್ಲಿಡೋ" ಅಂದ.

"ಆಗಲ್ಲಣ್ಣ, ಕೈ ಕೊಡಿ."

"ಕೈಯಲ್ಲಿ ಹಿಟ್ಟೈತೆ ಕಣೋ!"

"ಇರಲಿ, ಕೈ ಕೊಡಿ!" ಅಂದವನೇ ಮುಚ್ಚಳ ತೆಗೆದು ಡಬ್ಬವನ್ನು ಆ ಜಾರುವ ಕೈಗೇ ತುರುಕಿದ. ಡಬ್ಬ ಜಾರಿ ಹಿಟ್ಟಿಗೆ ಬಿತ್ತು. ಅವತ್ತು ಬೋಂಡ ತಿಂದವರೆಲ್ಲ ಹೋಟೆಲಿನ ಕೊಳಾಯಿಗೆ ಬಾಯೊಡ್ಡಿ ನಿಂತರು.

"ಯಾಕೋ ನನ್ನ ಹೊಟ್ಟೆ ಉರಿಸ್ತೀಯ?" ಚೌಡಮ್ಮ ಕೂಗಿದಳು. "ಗಿರಾಕಿ ಏನು ಹೇಳ್ತಾರೋ ಅದನ್ನ ಕೇಳಬೇಕು! ಎಲ್ಲಿ ಹಾಕು ಅಂತಾರೋ ಅಲ್ಲಿ ಹಾಕು!"

"ಹೂಂ ಕಣವ್ವ, ಹೇಳಿದಲ್ಲೇ ಹಾಕ್ತೀನಿ."

ಮೂರನೆಯ ಸಲ ಕಂಟ್ರಾಕ್ಟರ್ ಮನೆಯ ರೇವಕ್ಕನಿಗೆ ಸಂಡಿಗೆ. ದಾರಿಯಲ್ಲಿ ಮೊಪೆಡ್ ಕೆಟ್ಟು ಹೊತ್ತಾಯಿತು. ರೇವಕ್ಕ ಕೆಂಡವಾಗಿದ್ದಳು. "ನೆಂಟರು ಉಂಡು ಕೈ ತೊಳೆದ ಮೇಲೆ ತಂದ್ಯಾ? ತಗೊಂಡೋಗಿ ಬಾವಿಗೆ ಹಾಕು!"

"ಯಾವ ಬಾವಿಗಕ್ಕ?"

"ನಮ್ಮ ಹಿತ್ತಲ ಬಾವಿಗೇ ಹಾಕು, ಹೋಗು!"

ಹೋದ, ಹಾಕಿದ, ಬಂದ.

ಈ ಸಲ ಚೌಡಮ್ಮ ಬೈಯಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮುದ್ದುರಂಗನಿಗೆ ಏನೂ ತಿಳಿಯಲಿಲ್ಲ. ಹೇಳಿದ್ದನ್ನೇ ಮಾಡಿದ್ದೇನೆ, ಅವ್ವ ಯಾಕೆ ಅಳುತ್ತಾಳೆ? ಅವಳು ಅತ್ತದ್ದಕ್ಕೆ ಕಾರಣವಿತ್ತು. ಇದ್ದಬದ್ದ ಗಿರಾಕಿಗಳೆಲ್ಲ ಕೈಬಿಟ್ಟಿದ್ದರು. ಉಳಿದದ್ದು ಒಂದೇ ಒಂದು: ಶಾಲೆಯಲ್ಲಿ ಹೆಡ್ ಮೇಡಂ ರಿಟೈರ್ ಆಗುವ ದಿನದ ಊಟಕ್ಕೆ ಒಂದು ದೊಡ್ಡ ಬುಟ್ಟಿ ಹೋಳಿಗೆ. ಅದು ಸರಿಯಾಗಿ ತಲುಪಿದರೆ ಊರಿನವರು ಮತ್ತೆ ಕರೆಯುತ್ತಾರೆ. ತಪ್ಪಿದರೆ ಒಲೆ ಆರಿದಂತೆಯೇ.

ಮೊಬೈಲ್ ರಿಪೇರಿ ಅಂಗಡಿಯ ದಸ್ತಗೀರ್ ಒಂದು ದಾರಿ ಹೇಳಿದ. "ಅಕ್ಕಾ, ನಮ್ಮಂಗಡಿ ಟಿವೀಲಿ ಒಂದು ಆಟ ಇದೆ. ಗಾಡೀಲಿ ಸಾಮಾನು ತುಂಬ್ಕೊಂಡು ಹೋಗಿ ಕೊಡೋ ಆಟ. ನಮ್ಮ ಕಡೆ ಹುಡುಗರೇ ಮಾಡಿರೋದು, ಕನ್ನಡದಲ್ಲೇ ಮಾತಾಡತ್ತೆ. ಬಿದ್ದರೂ ನಷ್ಟ ಇಲ್ಲ. ಅದರಲ್ಲಿ ಕಲೀಲಿ."

ಚೌಡಮ್ಮನಿಗೆ ಆಸೆ ಹುಟ್ಟಿತು. ಮಗನ ಕಿವಿ ಹಿಡಿದು ಹೇಳಿದಳು: "ಮೊದಲು ಆಟದಲ್ಲಿ ಒಂದು ಸಲ ಸರಿಯಾಗಿ ತಲುಪಿಸು. ಅಲ್ಲೀತನಕ ಶಾಲೆ ಕಡೆ ತಲೆ ಹಾಕಬೇಡ!"

"ಹೂಂ ಕಣವ್ವ, ತಲೆ ಹಾಕಲ್ಲ."

ಊಟದ ದಿನ ಬಂತು. ಇಷ್ಟು ದಿನದಲ್ಲಿ ಆಟ ಕಲಿತಿರುತ್ತಾನೆ ಅಂದುಕೊಂಡು ಚೌಡಮ್ಮ ಬೆಳಗ್ಗೆಯೇ ಬುಟ್ಟಿಯನ್ನು ಮೊಪೆಡ್ಡಿಗೆ ಕಟ್ಟಿ ಕಳಿಸಿದಳು. ಮಧ್ಯಾಹ್ನ ಶಾಲೆಯಿಂದ ಫೋನು: "ಹೋಳಿಗೆ ಎಲ್ಲಮ್ಮ? ಎಲೆ ಹಾಕ್ತಿದ್ದೀವಿ!" ಚೌಡಮ್ಮ ಎದ್ದು ಬಿದ್ದು ಓಡಿದಳು. ದಸ್ತಗೀರನ ಅಂಗಡಿ ಮುಂದೆ ಮೊಪೆಡ್, ಮೊಪೆಡ್ ಮೇಲೆ ಬುಟ್ಟಿ, ಒಳಗೆ ಮಗ. ಟಿವಿಯಲ್ಲಿ ಗಾಡಿ ನಿಂತಲ್ಲೇ ನಿಂತಿತ್ತು.

"ಏನ್ ಮಾಡ್ತಿದ್ದೀಯೋ ಇಲ್ಲಿ?"

"ಅವ್ವಾ, ಆಟದಲ್ಲಿ ಪೊಲೀಸಪ್ಪ ನಿಲ್ಲು ಅಂದ, ನಿಂತೆ. ಹೋಗು ಅಂತ ಇನ್ನೂ ಅಂದಿಲ್ಲ."

"ಶಾಲೆಗೆ ಹೋಗೋ!"

"ಆಟದಲ್ಲಿ ತಲುಪಿಸದೆ ಹೆಂಗೆ ಹೋಗ್ಲಿ? ನೀನೇ ಹೇಳಿದ್ದು!"

ಎಷ್ಟು ಬೈದರೂ ಮಗ ಅಲ್ಲಾಡಲಿಲ್ಲ. "ಕೊಡಿಲ್ಲಿ, ನಾನೇ ಮುಗಿಸ್ತೀನಿ!" ಅಂತ ಚೌಡಮ್ಮ ಅವನ ಕೈಯಿಂದ ಆಟ ಆಡಿಸುವ ಗುಂಡಿಗಳ ಡಬ್ಬಿಯನ್ನು ಕಿತ್ತುಕೊಂಡಳು. ಗಾಡಿ ಕುಡಿದವನಂತೆ ವಾಲುತ್ತಾ ಹೊರಟಿತು. ಎಮ್ಮೆಗೆ ಗುದ್ದಿದರೆ ಎಮ್ಮೆ ಹಾರಿ ಗಾಡಿಯೊಳಗೆ ಕೂತಿತು! ಕೆರೆಗೆ ಬಿದ್ದರೆ ಕಪ್ಪೆಗಳು ಸೇರಿ ಗಾಡಿಯನ್ನು ದಡಕ್ಕೆತ್ತಿದವು! ಚೌಡಮ್ಮ "ಅಯ್ಯಯ್ಯೋ" ಅಂದಳು, ಆಮೇಲೆ "ಹೋಯ್ ಹೋಯ್" ಅಂದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಾಲೆ ಮರೆತೇಹೋಯಿತು, ಫೋನು ಬಡಿದುಕೊಂಡರೂ ಕೇಳಲಿಲ್ಲ. ಅವ್ವ ಹೀಗೆ ನಕ್ಕದ್ದನ್ನು ಮುದ್ದುರಂಗ ಕಂಡೇ ಇರಲಿಲ್ಲ. ಅವನಿಗೆ ಗಾಬರಿಯೂ ಆಯಿತು, ಖುಷಿಯೂ ಆಯಿತು.

ಆಟದಲ್ಲಿ ಒಂದು ಸೇತುವೆಯ ಆಚೆ ಹಸಿರು ಸೀರೆಯ ಅಜ್ಜಿಯೊಬ್ಬಳು ಕೈಚಾಚಿ ನಿಂತಿದ್ದಳು. "ನನ್ನ ಹೋಳಿಗೆ ಇನ್ನೂ ಬರಲಿಲ್ಲವಲ್ಲಪ್ಪಾ!" ಅಂತ ಕೂಗುತ್ತಿದ್ದಳು. ಚೌಡಮ್ಮ ಹೋದಳು, ಬಿದ್ದಳು. ಮತ್ತೆ ಹೋದಳು, ಮತ್ತೆ ಬಿದ್ದಳು. ಕೊನೆಗೆ ರೋಸಿಹೋಗಿ, "ಏನಾದರೂ ಮಾಡೋ ಮಗನೇ, ಈ ಮುದುಕಿಗೆ ಹೋಳಿಗೆ ತಲುಪಿಸೋ!" ಅಂದಳು.

ಅವ್ವ ಹೇಳಿದ ಮೇಲೆ ಇನ್ನೇನು? ಮುದ್ದುರಂಗ ಹೊರಗೆ ಹೋಗಿ ಬುಟ್ಟಿ ತಂದ. ತುಪ್ಪ ಸೋರುವ ಹೋಳಿಗೆ ತೆಗೆದು ಅಜ್ಜಿಯ ಕೈಗೇ ಒತ್ತಿದ. ಹೋಳಿಗೆ ಗಾಜಿಗೆ ಅಂಟಿತು. ಅಜ್ಜಿ ಮತ್ತೆ ಕೂಗಿದಳು, ಇವನು ಮತ್ತೊಂದು ಒತ್ತಿದ. ಹಳೆಯದು ನೆಲಕ್ಕೆ ಬಿತ್ತು, ಹೊಸದು ಅಂಟಿತು. ಹೀಗೇ ಒತ್ತುತ್ತಾ ಬುಟ್ಟಿ ಖಾಲಿಯಾಗುತ್ತಾ ಬಂತು.

"ಸರಿಯೋ ಅತ್ತ, ರಸ್ತೆ ಕಾಣಲ್ಲ!" ಚೌಡಮ್ಮ ಬಗ್ಗಿ ಬಗ್ಗಿ ನೋಡುತ್ತಾ ಸಿಕ್ಕಸಿಕ್ಕ ಗುಂಡಿ ಒತ್ತಿದಳು. ಟಿವಿಯಿಂದ ಓಲಗ ಮೊಳಗಿತು. ಹೋಳಿಗೆಗಳ ಹಿಂದಿನಿಂದ ಅಜ್ಜಿಯ ದನಿ ಬಂತು: "ಆಹಾ, ಬಂತಪ್ಪಾ ನನ್ನ ಹೋಳಿಗೆ! ಬಹಳ ಚೆನ್ನಾಗಿದೆ!"

"ಗೆದ್ದೆ!" ಅಂತ ಚೌಡಮ್ಮ ಕುಣಿದಳು. ಆಮೇಲೆ ನೆಲ ನೋಡಿದಳು, ಬುಟ್ಟಿ ನೋಡಿದಳು. ಬೈಯಲು ಬಾಯಿ ತೆರೆದಳು, ಬುದ್ಧಿ ಹೇಳಲು ಬಾಯಿ ತೆರೆದಳು. ಕೊನೆಗೆ ತನ್ನ ಹಣೆಯನ್ನೇ ಚಚ್ಚಿಕೊಂಡಳು. ತಲುಪಿಸು ಅಂದವಳು ತಾನೇ!

ಮುದ್ದುರಂಗನಿಗೆ ಸಮಾಧಾನವಾಯಿತು. ಆಟದಲ್ಲಿ ತಲುಪಿಸಿದ್ದಾಯಿತು, ಇನ್ನು ಶಾಲೆಗೆ ಹೋಗಬಹುದು. ಖಾಲಿ ಬುಟ್ಟಿ ಕಟ್ಟಿಕೊಂಡು ಮೊಪೆಡ್ ಬಿಟ್ಟ. ಎಲೆ ಮುಂದೆ ಕಾದು ಕೂತವರನ್ನೆಲ್ಲ ದಾಟಿ, ಹೆಡ್ ಮೇಡಂ ಕೈಗೇ ಬುಟ್ಟಿ ಕೊಟ್ಟು, ಕೈಕಟ್ಟಿ ನಿಂತ.

ಮೇಡಂ ಬುಟ್ಟಿಯೊಳಗೆ ನೋಡಿದರು. "ಹೋಳಿಗೆ ಎಲ್ಲಪ್ಪಾ?"

"ತಲುಪ್ತು ಮೇಡಂ," ಅಂದ ಮುದ್ದುರಂಗ. "ಬಹಳ ಚೆನ್ನಾಗಿದೆ ಅಂದ್ರು. ನಿಮಗೂ ಬೇಕಿದ್ರೆ, ನೀವೂ ಟಿವಿ ಒಳಗೆ ಹೋಗಿ ನಿಂತ್ಕೋಬೇಕು."