ಸಿಹಿಗುಂಬಳದ ಮೈಮೇಲೆ ಗೆರೆ ಮೂಡಿದ್ದು

ಲೋಕದ ಮೈ ಇನ್ನೂ ಹಸಿ ಆರದಿದ್ದ ಕಾಲ. ಸೂರ್ಯ ಆಗ ತೆಂಗಿನ ಮರದಷ್ಟೇ ಎತ್ತರದಲ್ಲಿದ್ದ. ತರಕಾರಿಗಳೆಲ್ಲ ಬಳ್ಳಿಯಲ್ಲೇ ಬೇಯುತ್ತಿದ್ದವು, ಒಲೆ ಹೂಡುವ ಗೊಡವೆಯೇ ಇರಲಿಲ್ಲ. ಸಿಹಿಗುಂಬಳದ ಮೈಮೇಲೆ ಒಂದು ಗೆರೆಯೂ ಇರಲಿಲ್ಲ. ಅದರ ಸಿಪ್ಪೆ ಬೆಣ್ಣೆಯಷ್ಟು ಮೆತ್ತಗಿತ್ತು.

ಆ ಕಾಲದಲ್ಲಿ ಮಾಳವ್ವ ಎಂಬ ಅಜ್ಜಿ ಇದ್ದಳು. ಅವಳ ಮಗಳು ಹೂವಿ. ಹೂವಿಯ ಮಗು ಕೆಂಚಿ ಆಗಷ್ಟೇ ಕೂರಲು ಕಲಿತಿದ್ದಳು. ಹೂವಿಯ ಎದೆಹಾಲು ಬತ್ತುತ್ತಾ ಬಂದಿತ್ತು, ಮಗು ಇನ್ನು ಉಣ್ಣಲೇಬೇಕಿತ್ತು. ಆದರೆ ಕೆಂಚಿ ಬಾಯಿ ಬಿಟ್ಟರೆ ತಾನೇ?

ಎಂಥ ಹಟಮಾರಿ ಕೂಸಿಗೂ ಉಣಿಸಬಲ್ಲೆ ಎಂದು ಮಾಳವ್ವನಿಗೆ ಜಂಬವೋ ಜಂಬ. ದೃಷ್ಟಿಗೆ ಮಾತ್ರ ವಿಪರೀತ ಹೆದರುತ್ತಿದ್ದಳು. ಉಣ್ಣುವ ಮಗುವನ್ನು ಯಾರೂ ನೋಡಬಾರದೆಂದು ಕೆಂಚಿಯ ತಲೆ ತುಂಬ ಸೆರಗು ಹೊದಿಸಿ, ಒಳಗೊಳಗೇ ತುತ್ತು ಇಡುವಳು. ಸೋರೆ, ಹೀರೆ, ಅವರೆ, ಎಲ್ಲವನ್ನೂ ಕಿವುಚಿ ತಂದಳು. ಎಲ್ಲವೂ ಥೂ ಎಂದು ಸೆರಗಿನಿಂದಾಚೆ ಬಂತು. ಮಗುವಿನ ಕೆನ್ನೆ ಇಳಿಯಿತು. ಬರಬರುತ್ತಾ ಅಳುವುದಕ್ಕೂ ತ್ರಾಣವಿಲ್ಲದಾಯಿತು.

ಮಾಳವ್ವ ಹಿತ್ತಲಿಗೆ ಬಂದು ಕುಸಿದು ಕೂತಳು. ಯಾರ ದೃಷ್ಟಿ ತಾಗಿತೆಂದು ಗಾಳಿಯನ್ನು ಕೇಳಿದಳು. ಎಲ್ಲರ ಮನೆ ಹೊಕ್ಕು ಬರುವ ಗಾಳಿಗೆ ಗೊತ್ತಿಲ್ಲದ ಸುದ್ದಿ ಯಾವುದು?

"ಯಾರ ದೃಷ್ಟಿಯೂ ತಾಗಿಲ್ಲ ಮಾಳವ್ವ," ಎಂದಿತು ಗಾಳಿ. "ತಾನು ತಿನ್ನೋದು ಏನು ಅಂತ ಆ ಮಗು ಒಂದು ದಿನವಾದ್ರೂ ನೋಡಿದ್ಯಾ?"

ಮಾಳವ್ವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು. ಅಷ್ಟರಲ್ಲಿ ಹೂವಿ ಮಗುವನ್ನು ಎತ್ತಿ ತಂದು ಕುಂಬಳದ ಬಳ್ಳಿಯ ಪಕ್ಕ ಕೂರಿಸಿದಳು. ಅಜ್ಜಿಯ ಕೈ ತಾನಾಗಿ ಸೆರಗಿಗೆ ಹೋಯಿತು.

"ಬೇಡ ಕಣವ್ವ, ಅವಳು ನೋಡ್ಲಿ," ಎಂದಳು ಹೂವಿ.

ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಗಳನ್ನು ಮಡಿಲಲ್ಲಿ ಅದುಮಿಟ್ಟುಕೊಂಡಳು. ತುತ್ತು ಕಟ್ಟಿ ಕಟ್ಟಿ ರೂಢಿಯಾದ ಬೆರಳುಗಳು, ಸುಮ್ಮನಿರಲು ಬಹಳ ಕಷ್ಟಪಟ್ಟವು.

ಕೆಂಚಿ ಕುಂಬಳಕಾಯಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಗಾಳಿ ಉಸಿರು ಬಿಗಿಹಿಡಿಯಿತು. ಹೀರೆ, ಹಾಗಲ ತೂಗಾಡುವುದನ್ನು ನಿಲ್ಲಿಸಿದವು. ಸೂರ್ಯನೂ ಬಗ್ಗಿ ನೋಡಿದ. ಹೆದರಬೇಡ ಕೂಸೇ ಎಂದು ಕುಂಬಳ ಮೈಯೊಡ್ಡಿ ಕೂತಿತು.

ಮಗು ಕೈ ಚಾಚಿ, ಕುಂಬಳದ ನೆತ್ತಿಯಿಂದ ಬುಡದವರೆಗೆ ಬೆರಳೆಳೆಯಿತು. ಮೆತ್ತನೆಯ ಮೈಮೇಲೆ ಸಾಲು ಸಾಲಾಗಿ ಗೆರೆ ಬಿತ್ತು. ಅಂಗೈ ತುಂಬ ಹೊನ್ನಿನ ಬಣ್ಣ! ಮೂಗಿಗೆ ಬಳಿದುಕೊಂಡಿತು, ಕಿವಿಗೆ ಬಳಿದುಕೊಂಡಿತು, ಕೊನೆಗೆ ಮುಷ್ಟಿಯನ್ನೇ ಬಾಯಿಗಿಟ್ಟಿತು. ಚಪ್ಪರಿಸಿತು. ನುಂಗಿತು. ಮತ್ತೆ ಕೈ ಚಾಚಿತು.

ಅದುವರೆಗೆ ಲೋಕದಲ್ಲಿ ಯಾವ ಮಗುವೂ ತನ್ನ ಕೈಯಿಂದ ತಾನೇ ಉಂಡಿರಲಿಲ್ಲ. ಮಾಳವ್ವ ಬೆಟ್ಟ ಏಳುವುದನ್ನು ಕಂಡವಳು, ಹೊಳೆ ಹುಟ್ಟುವುದನ್ನು ಕಂಡವಳು. ಇಂಥದ್ದನ್ನು ಮಾತ್ರ ಕಂಡಿರಲಿಲ್ಲ. ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತಾ ಕೂತಳು.

ಮಗುವಿನ ಹೊಟ್ಟೆ ತುಂಬಿದ ಮೇಲೆ, ಪಾಪ ನೋವಾಯಿತೇನೋ ಎಂದು ಕುಂಬಳದ ಗೆರೆಗಳನ್ನು ಸವರಿ ಸಮ ಮಾಡಲು ಹೋದಳು.

"ಇರಲಿ ಬಿಡು ಮಾಳವ್ವ, ಅಳಿಸಬೇಡ," ಎಂದಿತು ಕುಂಬಳ. ಆ ಗುರುತು ಎಂದೂ ಮಾಸಬಾರದೆಂದು ಆ ಗಳಿಗೆಯಲ್ಲೇ ತನ್ನ ಸಿಪ್ಪೆಯನ್ನು ಗಟ್ಟಿ ಮಾಡಿಕೊಂಡಿತು. ಕೂಸಿನ ನೆತ್ತಿ ಸುಟ್ಟೀತೆಂದು ಸೂರ್ಯನೂ ದೂರ ಸರಿದ, ಬೇಯಿಸುವ ಕೆಲಸ ಒಲೆಯ ಪಾಲಿಗೆ ಬಂತು.

ಅದಕ್ಕೇ ಕಂದ, ಇಂದಿಗೂ ಸಿಹಿಗುಂಬಳದ ಮೈಮೇಲೆ ನೆತ್ತಿಯಿಂದ ಬುಡದವರೆಗೆ ಆ ಗೆರೆಗಳಿವೆ. ನಿನ್ನ ಪುಟ್ಟ ತಂಗಿ ಬೆಂದ ಹೋಳನ್ನು ಮೂಗಿಗೂ ಕಿವಿಗೂ ಬಳಿದುಕೊಳ್ಳುತ್ತಾ ಬಾಯಿಯ ದಾರಿ ಹುಡುಕುವಾಗ, ನಿನ್ನ ಅಜ್ಜಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂರುತ್ತಾಳೆ.